‘ಚೆನ್ನಾಗಿತ್ತು ಸರ್’ ಎಂದರೆ ಸಾಲದು: ಟೆಕ್ ಸಮ್ಮೇಳನದ ಟಾಕ್‌ಗಳಿಗೆ ಫೀಡ್‌ಬ್ಯಾಕ್ ಬರೆಯುವುದು, ಕೇಳುವುದು, ಓದುವುದು

ಸಾಫ್ಟ್‌ವೇರ್ ಸಮ್ಮೇಳನವೊಂದು ಮುಗಿದ ಮೇಲೆ ಆಯೋಜಕರು ತೆರೆದು ನೋಡುವ ಫೀಡ್‌ಬ್ಯಾಕ್ ಹಾಳೆ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ ಥರ. ‘ಸೂಪರ್’, ‘ನೈಸ್ ಸೆಷನ್’, ‘ಎಸಿ ಜಾಸ್ತಿ ಆಯಿತು’, ‘ಊಟದ ಕ್ಯೂ ಉದ್ದ ಇತ್ತು’, ‘ಇನ್ನೂ ಡೆಮೊ ಬೇಕಿತ್ತು’, ಆಮೇಲೆ ಖಾಲಿ ಸಾಲುಗಳು, ಕೊನೆಗೊಂದು ‘ಟೈಮ್ ವೇಸ್ಟ್’. ಪಕ್ಕದ ಕಾಲಮ್ಮಿನಲ್ಲಿ ಐದಕ್ಕೆ ನಾಲ್ಕು, ಐದಕ್ಕೆ ಐದು, ಮತ್ತೆ ನಾಲ್ಕು. ರಾತ್ರಿಗಳನ್ನು ಖರ್ಚು ಮಾಡಿ ಸ್ಲೈಡ್ ತಯಾರಿಸಿ, ಆಫೀಸಿಗೆ ರಜೆ ಹಾಕಿ ಬಂದು ಮಾತಾಡಿದವರಿಗೆ ಇದರಿಂದ ಏನು ತಿಳಿಯಬೇಕು? ಮುಂದಿನ ಸಲ ಯಾವ ಸ್ಲೈಡ್ ತೆಗೆಯಬೇಕು, ಯಾವುದನ್ನು ಇನ್ನೆರಡು ನಿಮಿಷ ಬೆಳೆಸಬೇಕು?

ಬೆಂಗಳೂರಿಗೆ ಇಂಥ ಸಮ್ಮೇಳನಗಳು ಹೊಸತಲ್ಲ. 2001ರಲ್ಲಿ ಲಿನಕ್ಸ್ ಬೆಂಗಳೂರು ಎಂಬ ಹೆಸರಿನಲ್ಲಿ ಶುರುವಾಗಿ 2005ರಲ್ಲಿ ಫಾಸ್ ಡಾಟ್ ಇನ್ ಆದ ಕೂಟ, 2009ರಲ್ಲಿ ಐಐಎಸ್‌ಸಿ ಆವರಣದಲ್ಲಿ ಮೊದಲ ಬಾರಿಗೆ ಸೇರಿದ ಪೈಕಾನ್ ಇಂಡಿಯಾ, 2010ರಲ್ಲಿ ಹುಟ್ಟಿದ ಹ್ಯಾಸ್‌ಗೀಕ್ ನಡೆಸಿಕೊಂಡು ಬಂದ ಜೆಎಸ್‌ಫೂ, ಫಿಫ್ತ್ ಎಲಿಫೆಂಟ್, ರೂಟ್‌ಕಾನ್ಫ್, ಈಚಿನ ವರ್ಷಗಳಲ್ಲಿ ಫಾಸ್ ಯುನೈಟೆಡ್‌ನವರ ಇಂಡಿಯಾಫಾಸ್. ಇಲ್ಲೆಲ್ಲ ವೇದಿಕೆ ಹತ್ತುವವರಲ್ಲಿ ಹೆಚ್ಚಿನವರು ವೃತ್ತಿ ಭಾಷಣಕಾರರಲ್ಲ. ಸೋಮವಾರದಿಂದ ಶುಕ್ರವಾರದವರೆಗೆ ಕೋಡ್ ಬರೆಯುವವರು. ಸಮುದಾಯದವರೇ ನಡೆಸುವ ಸಮ್ಮೇಳನಗಳಲ್ಲಿ ಸಾಮಾನ್ಯವಾಗಿ ಸಂಭಾವನೆಯೂ ಇರುವುದಿಲ್ಲ. ಅವರಿಗೆ ದಕ್ಕುವ ಸಂಬಳ ಅಂದರೆ ಕೇಳಿದವರು ಬರೆದುಕೊಡುವ ನಾಲ್ಕು ಸಾಲು. ಅದನ್ನಾದರೂ ಸರಿಯಾಗಿ ಕೊಡೋಣ.

ಈ ಲೇಖನದ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಅಂಕದಿಂದ ಸಭೆಯ ಮೂಡ್ ಗೊತ್ತಾಗುತ್ತದೆ, ಅಷ್ಟೆ. ಟಾಕ್ ಸುಧಾರಿಸಬೇಕಾದರೆ ಬೇರೆ ಮಾಹಿತಿ ಬೇಕು: ಕೇಳುಗರು ಎಲ್ಲಿಯವರೆಗೆ ಜೊತೆಗಿದ್ದರು, ಯಾವ ಜಾಗದಲ್ಲಿ ಕೈತಪ್ಪಿ ಹೋದರು.

ಬರೆಯುವವರಿಗೆ

ಟಾಕ್ ನಡೆಯುತ್ತಿರುವಾಗಲೇ ಫೋನಿನಲ್ಲೋ ನೋಟ್‌ಬುಕ್ಕಿನಲ್ಲೋ ಒಂದು ಸಣ್ಣ ಗುರುತು ಹಾಕಿಕೊಳ್ಳಿ. ‘11:20, ಇಲ್ಲಿ ಬಿಟ್ಟುಹೋಯಿತು’ ಎಂದರೆ ಸಾಕು. ಮುಗಿದ ಮೇಲೆ ನೆನಪಿನಿಂದ ಬರೆಯಲು ಹೋದರೆ ಉಳಿಯುವುದು ಒಟ್ಟಾರೆ ಅನಿಸಿಕೆ ಮಾತ್ರ. ಫಾರ್ಮ್ ತುಂಬುವಾಗ ಆ ಗುರುತನ್ನೇ ಬಿಡಿಸಿ ಬರೆದರಾಯಿತು. ಉದಾಹರಣೆಗೆ, ಕಾಫ್ಕಾ ಬಗೆಗಿನ ಟಾಕ್ ಒಂದಕ್ಕೆ ಇಬ್ಬರು ಹೀಗೆ ಬರೆದಿದ್ದಾರೆ ಎಂದುಕೊಳ್ಳಿ.

ಮೊದಲನೆಯವರು: ‘ಕಷ್ಟವಾಗಿತ್ತು, ಇನ್ನೂ ಸರಳ ಮಾಡಬಹುದಿತ್ತು.’

ಎರಡನೆಯವರು: ‘ಪಾರ್ಟಿಷನ್ ವಿವರಿಸುವವರೆಗೂ ಜೊತೆಗೇ ಇದ್ದೆ. ರೀಬ್ಯಾಲೆನ್ಸಿಂಗ್ ಸ್ಲೈಡಿನಲ್ಲಿ ಕನ್ಸ್ಯೂಮರ್ ಗ್ರೂಪ್ ಅನ್ನುವ ಮಾತು ಮೊದಲ ಸಲ ಬಂತು, ಅದೇನೆಂದು ಹೇಳಲಿಲ್ಲ. ಅಲ್ಲಿಂದ ಹತ್ತು ನಿಮಿಷ ನನಗೆ ಏನೂ ಹತ್ತಲಿಲ್ಲ. ಕೊನೆಯ ಡೆಮೊದಲ್ಲಿ ಒಂದು ಕನ್ಸ್ಯೂಮರ್ ನಿಲ್ಲಿಸಿ ತೋರಿಸಿದಾಗ ಮತ್ತೆ ಅರ್ಥವಾಯಿತು. ನಾನು ಮೂರು ವರ್ಷದಿಂದ ಜಾವಾ ಬ್ಯಾಕೆಂಡ್ ಕೆಲಸದಲ್ಲಿದ್ದೇನೆ, ಕಾಫ್ಕಾ ಬಳಸಿಲ್ಲ.’

ಮೊದಲನೆಯದನ್ನು ಓದಿ ಸ್ಪೀಕರ್ ಏನು ಮಾಡಬೇಕು? ಎಲ್ಲವನ್ನೂ ತೆಳು ಮಾಡಬಹುದು, ಇಲ್ಲವೇ ಬೇಸರಪಟ್ಟುಕೊಂಡು ಸುಮ್ಮನಾಗಬಹುದು. ಎರಡನೆಯದನ್ನು ಓದಿದವರಿಗೆ ಮಾಡಬೇಕಾದ ಕೆಲಸ ಕಣ್ಣಿಗೆ ಕಾಣುತ್ತದೆ: ಒಂದು ಸ್ಲೈಡ್ ಸೇರಿಸಬೇಕು, ಕೊನೆಯ ಡೆಮೊವನ್ನು ಮುಂದಕ್ಕೆ ತರಬೇಕು. ಅದರ ಕೊನೆಯ ವಾಕ್ಯವನ್ನು ಗಮನಿಸಿ. ಬರೆದವರು ತಾವು ಯಾರೆಂದು ಹೆಸರು ಹೇಳದೆಯೇ ಹೇಳಿದ್ದಾರೆ. ‘ತುಂಬ ಬೇಸಿಕ್ ಆಯಿತು’ ಎಂಬ ದೂರು ಹತ್ತು ವರ್ಷದ ಅನುಭವಿಯಿಂದ ಬಂದಾಗ ಅದಕ್ಕೊಂದು ಅರ್ಥ, ಆರನೇ ಸೆಮಿಸ್ಟರಿನ ವಿದ್ಯಾರ್ಥಿಯಿಂದ ಬಂದಾಗ ಪೂರ್ತಿ ಬೇರೆ ಅರ್ಥ. ಈ ಒಂದು ವಾಕ್ಯವಿಲ್ಲದ ಫೀಡ್‌ಬ್ಯಾಕ್ ಅರ್ಧ ಫೀಡ್‌ಬ್ಯಾಕ್.

ಮೆಚ್ಚುಗೆಗೂ ಇದೇ ಮಾತು. ‘ಸೂಪರ್’ ಓದಿ ಖುಷಿಯಾಗುತ್ತದೆ, ಯಾವುದು ಸೂಪರ್ ಎಂದು ತಿಳಿಯುವುದಿಲ್ಲ. ಸ್ಪೀಕರ್ ಮುಂದಿನ ಸಲ ಸಮಯ ಉಳಿಸಲು ಕತ್ತರಿ ಹಾಕುವಾಗ ನಿಮಗೆ ಹಿಡಿಸಿದ ಭಾಗವೇ ಹೋಗಿಬಿಡಬಹುದು. ‘ಪ್ರೊಡಕ್ಷನ್ ಕೆಟ್ಟ ರಾತ್ರಿಯ ಗ್ರಾಫ್ ತೋರಿಸಿದ ಭಾಗವನ್ನು ತೆಗೆಯಬೇಡಿ’ ಎಂದು ಬರೆದರೆ ಅದು ಉಳಿಯುತ್ತದೆ.

ಬದಲಿಸಲು ಆಗದ್ದನ್ನು, ಟಾಕ್‌ಗೆ ಸಂಬಂಧವಿಲ್ಲದ್ದನ್ನು ಬರೆಯಬೇಡಿ. ದನಿ, ಬಟ್ಟೆ, ಉಚ್ಚಾರಣೆ ಇವು ಆ ಸಾಲಿನವು. ಹೆಣ್ಣುಮಕ್ಕಳು ಮಾತಾಡಿದ ಸೆಷನ್ನಿನ ಫಾರ್ಮುಗಳಲ್ಲಿ ಉಡುಪಿನ ಬಗ್ಗೆ, ನಗುವಿನ ಬಗ್ಗೆ ಬರುವ ಸಾಲುಗಳು ಗಂಡಸರಿಗೆ ಬರುವುದು ಅಪರೂಪ. ಅಂಥದ್ದನ್ನು ಬರೆಯುವವರು ಹೊಗಳುತ್ತಿದ್ದೇವೆ ಎಂದೇ ಅಂದುಕೊಂಡಿರುತ್ತಾರೆ. ಇನ್ನು ಇಂಗ್ಲಿಷ್. ಮನೆಯಲ್ಲಿ ತುಳುವೋ ಕೊಂಕಣಿಯೋ, ಶಾಲೆಯಲ್ಲಿ ಕನ್ನಡ, ವೇದಿಕೆಯ ಮೇಲೆ ಇಂಗ್ಲಿಷ್ ಎಂದು ಮೂರನೇ ಭಾಷೆಯಲ್ಲಿ ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ಸ್ ವಿವರಿಸುವವರಿಗೆ ‘ಆಕ್ಸೆಂಟ್ ಸರಿಯಿಲ್ಲ’ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ‘ವೇಗ ಜಾಸ್ತಿಯಾಯಿತು, ಕೋಡ್ ಸ್ಲೈಡುಗಳಲ್ಲಿ ಒಂದು ಕ್ಷಣ ನಿಂತಿದ್ದರೆ ಓದಿಕೊಳ್ಳಬಹುದಿತ್ತು’ ಎಂದು ಬರೆದರೆ ಉಪಯೋಗವಿದೆ. ‘ಕೊನೆಯ ಸಾಲಿಗೆ ಟರ್ಮಿನಲ್ಲಿನ ಅಕ್ಷರ ಕಾಣಲಿಲ್ಲ, ಕಪ್ಪು ಹಿನ್ನೆಲೆ ಪ್ರೊಜೆಕ್ಟರಿನಲ್ಲಿ ಮಾಸಿಹೋಗಿತ್ತು’ ಎನ್ನುವುದಂತೂ ಎಲ್ಲ ಫೀಡ್‌ಬ್ಯಾಕ್‌ಗಳಲ್ಲಿ ಅತ್ಯಂತ ಸುಲಭವಾಗಿ ಸರಿಪಡಿಸಬಹುದಾದದ್ದು.

ನಮ್ಮಲ್ಲಿ ಒಂದು ವಿಚಿತ್ರವಿದೆ. ಎದುರಾಎದುರು ಸಿಕ್ಕಾಗ ದಾಕ್ಷಿಣ್ಯ. ಟೀ ಕೌಂಟರಿನ ಹತ್ತಿರ ಸ್ಪೀಕರ್ ‘ಹೇಗಿತ್ತು?’ ಎಂದು ಕೇಳಿದರೆ ‘ಚೆನ್ನಾಗಿತ್ತು ಸರ್’, ‘ತುಂಬ ಚೆನ್ನಾಗಿ ಹೇಳಿದಿರಿ ಮೇಡಂ’. ಅದೇ ವ್ಯಕ್ತಿ ಹೆಸರಿಲ್ಲದ ಫಾರ್ಮ್ ಸಿಕ್ಕೊಡನೆ ಹಲ್ಲು ಕಡಿಯುತ್ತಾರೆ. ಎರಡರಲ್ಲೂ ಸ್ಪೀಕರ್‌ಗೆ ಸಿಗಬೇಕಾದ್ದು ಸಿಗುವುದಿಲ್ಲ. ಮುಖ ನೋಡಿ ಟೀಕಿಸುವುದು ಕಷ್ಟವಾದರೆ ಪ್ರಶ್ನೆಯಾಗಿ ಕೇಳಿ: ‘ಆ ಮೂರನೇ ಡಯಾಗ್ರಾಂ ನನಗೆ ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳುತ್ತೀರಾ?’ ಸ್ಪೀಕರ್ ವಿವರಿಸುತ್ತಾರೆ, ವಿವರಿಸುತ್ತಲೇ ಅದು ಯಾಕೆ ತಲುಪಲಿಲ್ಲವೆಂದು ಅವರಿಗೇ ಹೊಳೆಯುತ್ತದೆ.

ಕಿರುಕುಳ, ಅವಹೇಳನ, ಅಸಭ್ಯ ಸ್ಲೈಡು ಇಂಥದ್ದನ್ನು ಮಾತ್ರ ಫೀಡ್‌ಬ್ಯಾಕ್ ಫಾರ್ಮಿಗೆ ಬಿಡಬೇಡಿ. ಆ ಫಾರ್ಮನ್ನು ಯಾರಾದರೂ ಓದುವುದು ವಾರದ ಮೇಲೆ. ಸಮ್ಮೇಳನದ ನಡತೆ ಸಂಹಿತೆ ನೋಡಿಕೊಳ್ಳುವ ತಂಡ ಇರುತ್ತದೆ, ಅವರ ಸಂಪರ್ಕ ಬ್ಯಾಡ್ಜ್ ಮೇಲೋ ವೇಳಾಪಟ್ಟಿಯಲ್ಲೋ ಇರಬೇಕು. ಅಂದೇ ಅವರಿಗೆ ತಿಳಿಸಿ.

ಮಧ್ಯದಲ್ಲೇ ಎದ್ದು ಹೋಗಬಹುದೇ ಎಂದು ಹೊಸಬರು ಕೇಳುತ್ತಾರೆ. ಧಾರಾಳವಾಗಿ. ಹ್ಯಾರಿಸನ್ ಓವೆನ್ ಎಂಬಾತ 1985ರಲ್ಲಿ ಓಪನ್ ಸ್ಪೇಸ್ ಎಂಬ ಸಭಾ ಪದ್ಧತಿ ರೂಪಿಸಿದಾಗ ಅದಕ್ಕೊಂದು ‘ಎರಡು ಕಾಲಿನ ನಿಯಮ’ ಇಟ್ಟ: ಕಲಿಯುವುದೂ ಇಲ್ಲ, ಕೊಡುವುದೂ ಇಲ್ಲ ಎನಿಸಿದ ಜಾಗದಿಂದ ಕಾಲು ತೆಗೆದು ಬೇರೆಡೆಗೆ ಹೋಗಿ. ಎರಡು ಮೂರು ಟ್ರ್ಯಾಕ್ ಒಟ್ಟಿಗೆ ನಡೆಯುವ ಸಮ್ಮೇಳನಕ್ಕೂ ಅದು ಒಪ್ಪುತ್ತದೆ. ಅನುಮಾನವಿದ್ದರೆ ಹಿಂದಿನ ಸಾಲಿನ ಅಂಚಿನಲ್ಲಿ ಕೂರಿ. ಹೋದ ಮೇಲೆ ಫಾರ್ಮಿನಲ್ಲಿ ‘ಹದಿನೈದನೇ ನಿಮಿಷಕ್ಕೆ ಎದ್ದೆ, ಕಾರಣ ಇದು’ ಎಂದು ಒಂದು ಸಾಲು ಬರೆಯಿರಿ. ಎದ್ದುಹೋದವರ ಕಾರಣ ಸ್ಪೀಕರ್‌ಗಳಿಗೆ ಸಿಗುವುದೇ ಇಲ್ಲ, ಯಾಕೆಂದರೆ ಫಾರ್ಮ್ ತುಂಬುವವರು ಕೊನೆಯವರೆಗೆ ಕೂತವರು.

ಕೇಳುವವರಿಗೆ

ಆಯೋಜಕರ ಮೊದಲ ತಲೆನೋವು ಅಂದರೆ ಜನ ಫಾರ್ಮ್ ತುಂಬುವುದಿಲ್ಲ. ಇದಕ್ಕೆ ಕಂಡುಕೊಂಡ ಅತಿ ಸರಳ ಉಪಾಯ ಬಾಗಿಲಲ್ಲಿದೆ. ಕ್ಯೂಕಾನ್ ಸಮ್ಮೇಳನಗಳಲ್ಲಿ, ನಾರ್ವೆಯ ಎನ್‌ಡಿಸಿಯಲ್ಲಿ, ಕೋಣೆಯಿಂದ ಹೊರಬರುವಾಗ ಹಸಿರು, ಹಳದಿ, ಕೆಂಪು ಚೀಟಿಗಳಲ್ಲಿ ಒಂದನ್ನು ಡಬ್ಬಕ್ಕೆ ಹಾಕುವ ಪದ್ಧತಿ ಬಂತು. ಡೌನ್‌ಲೋಡ್ ಇಲ್ಲ, ಲಾಗಿನ್ ಇಲ್ಲ, ನಡೆಯುತ್ತಲೇ ಹಾಕಬಹುದು. ಡೆನ್ಮಾರ್ಕಿನಲ್ಲಿ ಶುರುವಾದ ಗೋಟು, ಬೆಲ್ಜಿಯಂನ ಡೆವಾಕ್ಸ್ ಮುಂತಾದವು ರೇಟಿಂಗನ್ನು ಮೊಬೈಲ್ ಆ್ಯಪಿನಲ್ಲೇ ಕೇಳುತ್ತವೆ. ನನ್ನ ಮತ ಚೀಟಿಗೆ. ಆದರೆ ಒಂದು ಎಚ್ಚರ: ಡಬ್ಬದ ಪಕ್ಕ ಸ್ಪೀಕರ್ ನಿಂತು ಕೈಕುಲುಕುತ್ತಿದ್ದರೆ ನಮ್ಮ ಊರಿನಲ್ಲಿ ಕೆಂಪು ಚೀಟಿ ಒಂದೂ ಬೀಳುವುದಿಲ್ಲ. ಡಬ್ಬವನ್ನು ಬಾಗಿಲಾಚೆ ಇಡಿ, ಚೀಟಿಯ ಬೆನ್ನಿಗೆ ಎರಡು ಸಾಲು ಬರೆಯಲು ಜಾಗ ಬಿಡಿ, ಪಕ್ಕದಲ್ಲಿ ನಾಲ್ಕು ಪೆನ್ ಕಟ್ಟಿಡಿ. ಜೊತೆಗೆ ಒಬ್ಬ ವಾಲಂಟಿಯರ್ ಆರಂಭದಲ್ಲಿ ಎಷ್ಟು ತಲೆ, ಕೊನೆಯಲ್ಲಿ ಎಷ್ಟು ತಲೆ ಎಂದು ಎಣಿಸಿಟ್ಟರೆ ಯಾವ ಚೀಟಿಯೂ ಹೇಳದ ಸಂಗತಿ ತಿಳಿಯುತ್ತದೆ.

ಕ್ಯೂಆರ್ ಕೋಡೇ ಬೇಕೆನ್ನುವವರು ಅದನ್ನು ‘ಥ್ಯಾಂಕ್ ಯೂ’ ಸ್ಲೈಡಿನಲ್ಲಿ ಇಡುತ್ತಾರೆ. ಅಷ್ಟರಲ್ಲಿ ಜನ ಬ್ಯಾಗ್ ಹೆಗಲಿಗೇರಿಸಿ ಊಟದ ಕಡೆ ಹೊರಟಿರುತ್ತಾರೆ. ಪ್ರಶ್ನೋತ್ತರಕ್ಕೆ ಮುಂಚೆ ತೋರಿಸಿ, ಪ್ರಶ್ನೋತ್ತರ ಮುಗಿಯುವವರೆಗೂ ತೆರೆಯ ಮೇಲೆ ಬಿಡಿ. ಎಳನೀರಿನ ಗಾಡಿಯ ಮುಂದೆ ಯೋಚಿಸದೆ ಸ್ಕ್ಯಾನ್ ಮಾಡುವ ಜನ ಇಲ್ಲೂ ಮಾಡುತ್ತಾರೆ, ಸಭಾಂಗಣದೊಳಗೆ ನೆಟ್‌ವರ್ಕ್ ಸಿಕ್ಕರೆ.

ಫಾರ್ಮಿನಲ್ಲಿ ಎಷ್ಟು ಪ್ರಶ್ನೆ? ಮೂರು ಮೀರಿದರೆ ಕೈಬಿಡುತ್ತಾರೆ. ಎಲ್ಲಿ ದಾರಿ ತಪ್ಪಿತು ಎಂಬುದು ಒಂದು. ನಾಳೆ ಆಫೀಸಿನಲ್ಲಿ ಪಕ್ಕದವರಿಗೆ ವಿವರಿಸಿ ಹೇಳಬಹುದಾದ ಒಂದು ವಿಷಯ ಯಾವುದು ಎಂಬುದು ಇನ್ನೊಂದು. ಈ ವಿಷಯದಲ್ಲಿ ನಿಮ್ಮ ಅನುಭವವೆಷ್ಟು ಎಂಬುದು ಮೂರನೆಯದು. ಹೆಸರು, ಕಂಪನಿ, ಫೋನ್ ನಂಬರ್ ಕೇಳಬೇಡಿ. ಕೇಳಿದರೆ ಜನ ಸುಳ್ಳು ಹೊಗಳುತ್ತಾರೆ. ಸಾಲದ್ದಕ್ಕೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಸುಮ್ಮನೆ ಕೂಡಿಹಾಕಿಕೊಂಡ ನಂಬರುಗಳು ಹೊರೆಯೇ ಹೊರತು ಆಸ್ತಿಯಲ್ಲ. ಎಸಿ, ಊಟ, ಪಾರ್ಕಿಂಗ್, ಶೌಚಾಲಯ ಇವಕ್ಕೆ ಬೇರೆಯೇ ಫಾರ್ಮ್ ಇರಲಿ. ಒಂದೇ ಫಾರ್ಮಿನಲ್ಲಿ ಕೇಳಿದರೆ ಅನ್ನಕ್ಕೆ ಉಪ್ಪು ಹೆಚ್ಚಾದ ಸಿಟ್ಟು ಊಟದ ನಂತರದ ಸ್ಪೀಕರ್ ತಲೆಗೆ ಬರುತ್ತದೆ.

‘ಕನ್ನಡದಲ್ಲೂ ಬರೆಯಬಹುದು’ ಎಂದು ಒಂದು ಸಾಲು ಸೇರಿಸಿ. ಹುಬ್ಬಳ್ಳಿ, ಕಲಬುರಗಿ, ಶಿವಮೊಗ್ಗದ ಕಾಲೇಜುಗಳಿಂದ ಬಸ್ಸು ಹತ್ತಿ ಬರುವ ಹುಡುಗ ಹುಡುಗಿಯರು ಇಂಗ್ಲಿಷ್ ಫಾರ್ಮ್ ನೋಡಿ ‘ಗುಡ್’ ಎಂದು ಬರೆದು ಮುಗಿಸುತ್ತಾರೆ. ತಮ್ಮ ಮಾತಿನಲ್ಲಿ ಬರೆಯಲು ಬಿಟ್ಟರೆ ಅದೇ ಮಕ್ಕಳು ಅರ್ಧ ಪುಟ ಬರೆದಾರು. ಓದಿ ಸ್ಪೀಕರ್‌ಗೆ ಸಾರ ತಿಳಿಸಲು ಕನ್ನಡ ಬಲ್ಲ ಒಬ್ಬ ವಾಲಂಟಿಯರ್ ಬೆಂಗಳೂರಿನ ತಂಡದಲ್ಲಿ ಸಿಗದೆ ಇರುವುದಿಲ್ಲ.

ಅಂಕಗಳನ್ನು ಎಷ್ಟು ನಂಬಬೇಕು

ಒಂದರಿಂದ ಐದರವರೆಗಿನ ಅಳತೆಗೆ ರೆನ್ಸಿಸ್ ಲಿಕರ್ಟ್ ಹೆಸರು ಅಂಟಿಕೊಂಡಿದೆ. 1932ರಲ್ಲಿ ಮನೋಭಾವ ಅಳೆಯಲು ಆತ ರೂಪಿಸಿದ ವಿಧಾನ ಇಂದು ಓಲಾ ಪ್ರಯಾಣದಿಂದ ಕೀನೋಟ್‌ವರೆಗೆ ಎಲ್ಲದಕ್ಕೂ ಬಳಕೆಯಲ್ಲಿದೆ. ಸರಾಸರಿ ತೆಗೆದೊಡನೆ ಮೋಸ ಶುರು. ಹತ್ತು ಜನ ತಲಾ ನಾಲ್ಕು ಕೊಟ್ಟರೆ ಸರಾಸರಿ 4. ಐದು ಜನ ಐದು, ಐದು ಜನ ಮೂರು ಕೊಟ್ಟರೂ ಸರಾಸರಿ 4. ಮೊದಲನೆಯದು ಎಲ್ಲರಿಗೂ ಪರವಾಗಿಲ್ಲ ಎನಿಸಿದ ಟಾಕ್. ಎರಡನೆಯದರಲ್ಲಿ ಅರ್ಧ ಸಭೆಗೆ ಹಬ್ಬ, ಅರ್ಧ ಸಭೆ ತಪ್ಪು ಕೋಣೆಗೆ ಬಂದಿತ್ತು. ಅಲ್ಲಿ ಸರಿಪಡಿಸಬೇಕಾದ್ದು ಟಾಕ್ ಇರಲಾರದು, ವೇಳಾಪಟ್ಟಿಯಲ್ಲಿ ಅಚ್ಚಾದ ಶೀರ್ಷಿಕೆಯೇ ಇರಬಹುದು. ಹಾಗಾಗಿ ಸರಾಸರಿ ಕಳಿಸಬೇಡಿ, ಯಾವ ಅಂಕಕ್ಕೆ ಎಷ್ಟು ಮಂದಿ ಎಂದು ಕಳಿಸಿ. ಇನ್ನೂರು ಜನರ ಕೋಣೆಯಿಂದ ಹನ್ನೆರಡು ಉತ್ತರ ಬಂದಿದ್ದರೆ ಅದನ್ನೂ ಹೇಳಿ. 4.3 ಬಂದವರು 4.1 ಬಂದವರಿಗಿಂತ ಮೇಲು ಎಂದು ಹನ್ನೆರಡು ಚೀಟಿಗಳ ಬಲದಿಂದ ಸಾಧಿಸಲು ಹೋಗಬೇಡಿ.

ಅಂಕ ಎಷ್ಟು ಸುಲಭವಾಗಿ ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಅಮೆರಿಕದ ಒಂದು ಪ್ರಯೋಗ ಪ್ರಸಿದ್ಧ. 1970ರಲ್ಲಿ ಮೈಕಲ್ ಫಾಕ್ಸ್ ಎಂಬ ನಟನನ್ನು ‘ಡಾಕ್ಟರ್ ಮೈರನ್ ಫಾಕ್ಸ್’ ಎಂದು ಪರಿಚಯಿಸಿ, ವೈದ್ಯ ಶಿಕ್ಷಣಕ್ಕೆ ಗೇಮ್ ಥಿಯರಿಯನ್ನು ಅನ್ವಯಿಸುವ ಬಗ್ಗೆ ಉಪನ್ಯಾಸ ಕೊಡಿಸಿದರು. ವಿಷಯ ಆತನಿಗೆ ತಿಳಿಯದು. ಮಾತಿನಲ್ಲಿ ಬೇಕೆಂದೇ ಒಂದಕ್ಕೊಂದು ತಾಳೆಯಾಗದ ಹೇಳಿಕೆಗಳು, ಅರ್ಥವಿಲ್ಲದ ಹೊಸ ಪದಗಳು, ನಡುನಡುವೆ ತಮಾಷೆ. ಎದುರಿಗಿದ್ದವರು ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಶಿಕ್ಷಣದವರು. ಮೊದಲು ಎದುರಾಎದುರು, ಆಮೇಲೆ ಚಿತ್ರೀಕರಣ ತೋರಿಸಿ, ಮೂರು ಗುಂಪುಗಳಲ್ಲಿ ಒಟ್ಟು 55 ಮಂದಿಯ ಅಭಿಪ್ರಾಯ ಪಡೆದಾಗ ಬಹುಪಾಲು ಮೆಚ್ಚುಗೆಯೇ ಬಂತು. ನ್ಯಾಫ್ಟುಲಿನ್, ವೇರ್, ಡಾನೆಲಿ ಎಂಬ ಸಂಶೋಧಕರು ಇದನ್ನು 1973ರಲ್ಲಿ ಪ್ರಕಟಿಸಿದರು. ಸೊಗಸಾಗಿ ಮಾತಾಡುವುದು ತಪ್ಪೆಂದು ಇದರಿಂದ ಸಾಬೀತಾಗುವುದಿಲ್ಲ. ‘ಹೇಗಿತ್ತು?’ ಎಂಬ ಪ್ರಶ್ನೆಗೆ ಬರುವ ಉತ್ತರದಲ್ಲಿ ಸರಕೆಷ್ಟು, ಸೊಗಸೆಷ್ಟು ಎಂದು ಬಿಡಿಸಲಾಗದು ಎಂಬುದಷ್ಟೇ ತಿಳಿಯುತ್ತದೆ. ಪಕ್ಕದವರಿಗೆ ವಿವರಿಸಬಹುದಾದ ಒಂದು ವಿಷಯ ಬರೆಯಿರಿ ಎಂದಿದ್ದರೆ ಆ ನಕಲಿ ಡಾಕ್ಟರ್ ಸಿಕ್ಕಿಬೀಳುತ್ತಿದ್ದ.

ಇನ್ನೊಂದು ಓರೆ ಕೊನೆಯಿಂದ ಬರುತ್ತದೆ. ಡ್ಯಾನಿಯಲ್ ಕಾನಮನ್ ಮತ್ತು ಜೊತೆಗಾರರ 1993ರ ಪ್ರಯೋಗದಲ್ಲಿ ಜನ 14 ಡಿಗ್ರಿ ತಣ್ಣೀರಿನಲ್ಲಿ 60 ಸೆಕೆಂಡ್ ಕೈಯಿಟ್ಟರು. ಇನ್ನೊಮ್ಮೆ ಅದೇ 60 ಸೆಕೆಂಡ್, ಮೇಲೆ 30 ಸೆಕೆಂಡ್ ನೀರನ್ನು ಒಂದು ಡಿಗ್ರಿ ಬೆಚ್ಚಗೆ ಮಾಡುತ್ತ. ಯಾವುದನ್ನು ಮತ್ತೆ ಮಾಡುತ್ತೀರಿ ಎಂದಾಗ ಹೆಚ್ಚಿನವರು ಉದ್ದದ್ದನ್ನೇ ಆರಿಸಿದರು, ಕೊನೆ ಹಗುರವಾಗಿತ್ತೆಂದು. ಟಾಕ್‌ಗೂ ಇದು ಅನ್ವಯಿಸುತ್ತದೆ ಎಂದೇ ನನ್ನ ಅಂದಾಜು. ಮೂವತ್ತು ನಿಮಿಷ ಅಚ್ಚುಕಟ್ಟಾಗಿ ನಡೆದು ಕೊನೆಯ ಡೆಮೊದಲ್ಲಿ ವೈಫೈ ಕೈಕೊಟ್ಟರೆ ಚೀಟಿಗಳು ಹಳದಿಯಾಗುತ್ತವೆ. ಡೆಮೊದ ರೆಕಾರ್ಡಿಂಗ್ ಒಂದನ್ನು ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡು ಬನ್ನಿ.

‘ಗೆಳೆಯರಿಗೆ ಶಿಫಾರಸು ಮಾಡುತ್ತೀರಾ, ಸೊನ್ನೆಯಿಂದ ಹತ್ತರಲ್ಲಿ ಹೇಳಿ’ ಎಂಬ ಪ್ರಶ್ನೆ ಗ್ರಾಹಕರ ನಿಷ್ಠೆ ಅಳೆಯಲು ಕಂಪನಿಗಳಿಗಾಗಿ ಹುಟ್ಟಿದ್ದು. ಟಾಕ್ ಮುಗಿದುಹೋಗಿದೆ, ಗೆಳೆಯರಿಗೆ ಏನೆಂದು ಶಿಫಾರಸು ಮಾಡುವುದು? ಬಿಟ್ಟುಬಿಡಿ.

ಓದುವವರಿಗೆ

ಸ್ಪೀಕರ್ ಆದವರು ಟಾಕ್ ಮುಗಿದ ರಾತ್ರಿ ಫೀಡ್‌ಬ್ಯಾಕ್ ಓದಬಾರದು. ನಲವತ್ತು ಒಳ್ಳೆಯ ಮಾತಿನ ನಡುವೆ ಇರುವ ಒಂದು ಚುಚ್ಚುಮಾತೇ ನಿದ್ದೆ ಕೆಡಿಸುತ್ತದೆ. ಹೆಗ್ಗೋಡಿನ ನೀನಾಸಮ್ ಸಂಸ್ಕೃತಿ ಶಿಬಿರದಲ್ಲಿ ಹಿಂದಿನ ರಾತ್ರಿಯ ನಾಟಕವನ್ನು ಮರುದಿನ ಬೆಳಿಗ್ಗೆ ಕೂತು ಚರ್ಚಿಸುವ ರೂಢಿಯಿದೆ. ನಡುವಿನ ಒಂದು ನಿದ್ದೆ ಆಡಿದವರಿಗೂ ನೋಡಿದವರಿಗೂ ಒಳ್ಳೆಯದು. ಟಾಕ್‌ಗೂ ಅಷ್ಟು ಬಿಡುವು ಕೊಡಿ. ಆಯೋಜಕರು ಬೈಗುಳ, ಮೈಬಣ್ಣ, ಬಟ್ಟೆಯ ಮಾತುಗಳನ್ನು ಸೋಸಿಯೇ ಕಳಿಸಬೇಕು. ಕಟುವಾದರೂ ಕೆಲಸಕ್ಕೆ ಬರುವ ಟೀಕೆಯನ್ನು ಮಾತ್ರ ಸೋಸಬಾರದು.

ಓದಲು ಕೂತಾಗ ಜಾಗ ಹೇಳುವ ಸಾಲುಗಳನ್ನು ಮೊದಲು ಬೇರೆ ತೆಗೆಯಿರಿ. ಮೂವರು ಬೇರೆ ಬೇರೆ ಮಾತಿನಲ್ಲಿ ಒಂದೇ ಸ್ಲೈಡನ್ನು ತೋರಿಸಿದ್ದರೆ ಅಲ್ಲಿ ನಿಜವಾಗಿ ಗುಂಡಿಯಿದೆ. ವಿಡಿಯೋ ಬಂದ ಮೇಲೆ ಆ ನಿಮಿಷಕ್ಕೆ ಹೋಗಿ ನೋಡಿ. ಸಾಮಾನ್ಯವಾಗಿ ಕಾಣುವುದು ಹೀಗೆ: ನಿಮಗೆ ದಿನಾ ಬಾಯಿಗೆ ಬರುವ ಒಂದು ಪದವನ್ನು ಪರಿಚಯಿಸದೆ ದಾಟಿದ್ದೀರಿ, ಇಲ್ಲವೇ ಸ್ಲೈಡ್ ಬದಲಾದರೂ ಹಿಂದಿನದನ್ನೇ ಮಾತಾಡುತ್ತಿದ್ದೀರಿ. ಜನ ಸೂಚಿಸುವ ಪರಿಹಾರವನ್ನು ಹಾಗೇ ತೆಗೆದುಕೊಳ್ಳಬೇಡಿ. ‘ಇನ್ನೂ ಡೆಮೊ ಬೇಕಿತ್ತು’ ಎಂದವರಿಗೆ ಬೇಕಿದ್ದದ್ದು ಡೆಮೊ ಇರಲಿಕ್ಕಿಲ್ಲ, ಒಂದು ನಿರ್ದಿಷ್ಟ ಉದಾಹರಣೆ ಇದ್ದೀತು. ಕಷ್ಟವಾದ ಜಾಗ ಅವರಿಗೆ ಗೊತ್ತು, ಮದ್ದು ನಿಮಗೆ ಗೊತ್ತಿರಬೇಕು.

‘ತುಂಬ ಬೇಸಿಕ್’, ‘ತುಂಬ ಅಡ್ವಾನ್ಸ್ಡ್’ ಎರಡೂ ಒಂದೇ ಪ್ರಮಾಣದಲ್ಲಿ ಬಂದರೆ ಗಾಬರಿ ಬೇಡ. ಪ್ರಸ್ತಾವ ಕಳಿಸುವಾಗ ಬರೆದ ಸಾರಾಂಶ ತೆರೆದು ನೋಡಿ, ಯಾರಿಗಾಗಿ ಈ ಟಾಕ್ ಎಂದು ಅಲ್ಲಿ ಇರುವುದಿಲ್ಲ. ‘ಡಾಕರ್ ಬಳಸಿ ಗೊತ್ತಿರುವ, ಕುಬರ್ನೆಟಿಸ್ ಮುಟ್ಟದವರಿಗೆ’ ಎಂಬ ಒಂದು ಸಾಲು ಸೇರಿಸಿದರೆ ಅರ್ಧ ದೂರು ಕೋಣೆಗೇ ಬರುವುದಿಲ್ಲ.

ಎಲ್ಲಕ್ಕಿಂತ ಬೆಲೆಬಾಳುವ ಫೀಡ್‌ಬ್ಯಾಕ್ ಟಾಕ್‌ಗೆ ಮುಂಚೆ ಸಿಗುವುದು. ಹ್ಯಾಸ್‌ಗೀಕ್ ಸಮ್ಮೇಳನಗಳಲ್ಲಿ ಪ್ರಸ್ತಾವಗಳನ್ನು ಎಲ್ಲರಿಗೂ ಕಾಣುವಂತೆ ಇಟ್ಟು ಅಭಿಪ್ರಾಯ ಪಡೆಯುವ, ಆಯ್ಕೆಯಾದವರಿಂದ ರಿಹರ್ಸಲ್ ಮಾಡಿಸುವ ಪದ್ಧತಿ ಬಹಳ ಕಾಲದಿಂದ ಇದೆ. ಅಂಥ ವ್ಯವಸ್ಥೆ ಇಲ್ಲದ ಕಡೆ ತಿಂಗಳ ಮೀಟಪ್‌ಗಳೇ ಗತಿ. ಶನಿವಾರ ಬೆಳಿಗ್ಗೆ ಇಪ್ಪತ್ತು ಜನರೆದುರು ಮಾತಾಡಿ, ಇಬ್ಬರನ್ನು ಮೊದಲೇ ಕೇಳಿಕೊಂಡಿರಿ: ಬೇರೇನೂ ಬೇಡ, ನಿಮಗೆ ಗೊಂದಲವಾದ ಕೂಡಲೇ ಗಡಿಯಾರ ನೋಡಿ ಬರೆದುಕೊಳ್ಳಿ.

ತರಬೇತಿಯ ಫಲವನ್ನು ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ನಾಲ್ಕು ಹಂತಗಳಾಗಿ ವಿಂಗಡಿಸಿದ: ಪ್ರತಿಕ್ರಿಯೆ, ಕಲಿಕೆ, ನಡವಳಿಕೆಯ ಬದಲಾವಣೆ, ಫಲಿತಾಂಶ. ಸಮ್ಮೇಳನದ ಫಾರ್ಮುಗಳು ಹೆಚ್ಚಾಗಿ ಮೊದಲನೇ ಮೆಟ್ಟಿಲಲ್ಲೇ ನಿಲ್ಲುತ್ತವೆ. ಮೂರನೆಯದನ್ನು ಮುಟ್ಟುವುದು ದುಬಾರಿಯೂ ಅಲ್ಲ. ಟಿಕೆಟ್ ಕೊಂಡಾಗ ಒಪ್ಪಿಗೆ ಕೊಟ್ಟವರಿಗೆ ಮೂರು ತಿಂಗಳ ನಂತರ ಒಂದೇ ಒಂದು ಮೇಲ್ ಕಳಿಸಿ: ‘ಅಲ್ಲಿ ಕೇಳಿದ ಯಾವುದನ್ನಾದರೂ ನಿಮ್ಮ ಕೆಲಸದಲ್ಲಿ ಬಳಸಿದಿರಾ? ಯಾವ ಟಾಕ್, ಏನು ಬಳಸಿದಿರಿ?’ ಉತ್ತರ ಬರುವುದು ಕೆಲವೇ. ಅವುಗಳಲ್ಲಿ ಹಸಿರು ಚೀಟಿ ರಾಶಿಬಿದ್ದ ಕೀನೋಟ್ ಇಲ್ಲದಿರಬಹುದು, ಸಣ್ಣ ಕೋಣೆಯ ಐದು ನಿಮಿಷದ ಲೈಟ್ನಿಂಗ್ ಟಾಕ್ ಇರಬಹುದು. ಬಂದಷ್ಟನ್ನು ಆಯಾ ಸ್ಪೀಕರ್‌ಗಳಿಗೆ ಕಳಿಸಿ, ಒಂದು ಪ್ರತಿಯನ್ನು ಮುಂದಿನ ವರ್ಷದ ಆಯ್ಕೆ ಸಮಿತಿಯ ಮೊದಲ ಸಭೆಗೆ ಎತ್ತಿಡಿ.